ಎಂಟಿ-07: ಹಿಂದಿನದೋ, ಈಗಿನದೋ, ಬರಲಿರುವುದೋ?

ಮಧ್ಯಮ ಗಾತ್ರದ ಒಂದು ಬೈಕಿನ ಹೊಸ ಆವೃತ್ತಿಗಾಗಿ ನಾನು ಒಮ್ಮೆ ಹದಿನೆಂಟು ತಿಂಗಳು ಕಾದಿದ್ದೆ. ಚೌಕಟ್ಟು ಹೊಸದಾಗುತ್ತದೆ, ತೂಕ ಹತ್ತು ಕಿಲೋ ಇಳಿಯುತ್ತದೆ, ಮುಂದಿನ ಬ್ರೇಕು ಪೂರ್ತಿ ಬದಲಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಾಲ್ಕು ಜನರಿಗೆ ಅದನ್ನೇ ಹೇಳಿ, ಅವರ ಬಾಯಿಂದ ಮತ್ತೆ ಕೇಳಿ, ನಿಜವೆಂದು ನಂಬಿದೆ. ಕೊನೆಗೆ ಬಂದದ್ದು ಎರಡು ಹೊಸ ಬಣ್ಣ, ಟ್ಯಾಂಕಿನ ಮೇಲೊಂದು ಹೊಸ ಸ್ಟಿಕ್ಕರ್. ಆ ಒಂದೂವರೆ ವರ್ಷದಲ್ಲಿ ತಪ್ಪಿಹೋದ ಸವಾರಿಗಳ ಲೆಕ್ಕವನ್ನು ಇವತ್ತಿಗೂ ಇಟ್ಟಿದ್ದೇನೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಬೈಕ್ ಮೋಹಿಗಳನ್ನು ಮೀರಿಸುವವರಿಲ್ಲ. ನಾನು ಆ ಚಟವನ್ನು ಬಿಟ್ಟಿಲ್ಲ. ಆದರೆ ಕುಲಾವಿಗೆ ಅಳತೆ ತೆಗೆದುಕೊಳ್ಳುವ ಕ್ರಮ ಬದಲಾಗಿದೆ. ಹೊಸ ಆವೃತ್ತಿಯ ಮಾತು ಬಂದಾಗಲೆಲ್ಲ ಈಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಬರುತ್ತದೆ ಎನ್ನುತ್ತಿರುವುದನ್ನು ಇಂದಿನ ಬೈಕಿಗೆ ನಾಳೆ ಜೋಡಿಸಿಕೊಳ್ಳಲು ಸಾಧ್ಯವೇ? ಸಾಧ್ಯವಿದ್ದರೆ ಕಾಯುವುದಕ್ಕೆ ಅರ್ಥವಿಲ್ಲ. ಸಾಧ್ಯವಿಲ್ಲದಿದ್ದರೆ, ಮತ್ತು ಅದು ನನಗೆ ನಿಜಕ್ಕೂ ಬೇಕಿದ್ದರೆ, ಆಗ ಕಾಯಬಹುದು.

ಯಮಹಾ ಎಂಟಿ-07 ಈ ಪ್ರಶ್ನೆಯನ್ನು ಹಾಕಿ ನೋಡಲು ಹೇಳಿಮಾಡಿಸಿದ ಬೈಕು. ಕೊಳ್ಳುವವನ ಮುಂದೆ ಮೂರು ದಾರಿಗಳಿವೆ. 2021ರಿಂದ 2024ರವರೆಗಿನ ಹಿಂದಿನ ರೂಪವನ್ನು ಬಳಸಿದ ಬೈಕಾಗಿಯೋ ಉಳಿದ ದಾಸ್ತಾನಿನಿಂದಲೋ ಕೊಳ್ಳುವುದು, 2025ರಲ್ಲಿ ಬಂದ ಈಗಿನದನ್ನು ಕೊಳ್ಳುವುದು, ಇಲ್ಲವೇ ಇನ್ನೂ ಹುಟ್ಟದ ಮುಂದಿನದಕ್ಕೆ ಕಾಯುವುದು.

ಇಲ್ಲಿಯವರೆಗಿನ ನಡೆ

ಮುಂದಿನದನ್ನು ಊಹಿಸಬೇಕಾದರೆ ಹಿಂದಿನ ಹೆಜ್ಜೆಗಳ ಅಂತರ ಗೊತ್ತಿರಬೇಕು. 2013ರ ನವೆಂಬರಿನಲ್ಲಿ ಮಿಲಾನಿನ ಐಕ್ಮಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಬೈಕು 2014ರಲ್ಲಿ ಮಾರಾಟಕ್ಕೆ ಬಂತು. 689 ಸಿಸಿಯ ಜೋಡಿ ಸಿಲಿಂಡರ್ ಎಂಜಿನ್, 270 ಡಿಗ್ರಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ). ಎರಡು ಸಿಲಿಂಡರ್‌ಗಳು ಸಮ ಅಂತರದಲ್ಲಿ ಸಿಡಿಯದೆ ಒಮ್ಮೆ 270, ಮತ್ತೊಮ್ಮೆ 450 ಡಿಗ್ರಿಗೆ ಸಿಡಿಯುವುದರಿಂದ ಎರಡು ಸಿಲಿಂಡರ್‌ಗಳನ್ನು ವಿ ಆಕಾರದಲ್ಲಿ ಇಟ್ಟ ವಿ-ಟ್ವಿನ್‌ನಂಥ ಕುಂಟು ಲಯ ಹುಟ್ಟುತ್ತದೆ. ಆ ಲಯಕ್ಕೆ ಮನಸೋತವರೇ ಹೆಚ್ಚು. ಬೈದವರೆಲ್ಲ ಬೈದದ್ದು ಮೆತ್ತನೆಯ ಸಸ್ಪೆನ್ಷನ್ನನ್ನು.

ಕಂಪನಿ ಅದನ್ನು ಕೇಳಿಸಿಕೊಂಡು 2018ರಲ್ಲಿ ಸ್ಪ್ರಿಂಗನ್ನೂ ಅದರ ಪುಟಿತವನ್ನು ತಡೆಯುವ ಡ್ಯಾಂಪಿಂಗನ್ನೂ ಸ್ವಲ್ಪ ಬಿಗಿಮಾಡಿತು. 2021ರಲ್ಲಿ ಯುರೋಪಿನ ಹೊಗೆ ನಿಯಮವಾದ ಯುರೋ 5ಕ್ಕೆ ಎಂಜಿನ್ನನ್ನು ಹೊಂದಿಸಿ, ಎಲ್‌ಇಡಿ ದೀಪದ ಹೊಸ ಮುಖ ಕೊಟ್ಟು, ಮುಂದಿನ ಡಿಸ್ಕನ್ನು 282ರಿಂದ 298 ಮಿಲಿಮೀಟರಿಗೆ ಏರಿಸಿತು. 2023ರಲ್ಲಿ ಐದು ಇಂಚಿನ ಬಣ್ಣದ ಪರದೆ ಬಂತು. 2025ರಲ್ಲಿ ಬಂದದ್ದು ನಿಜವಾದ ಮರುಹುಟ್ಟು: 41 ಮಿಲಿಮೀಟರಿನ ಯುಎಸ್‌ಡಿ (ದಪ್ಪ ಕೊಳವೆ ಮೇಲಿರುವ, ತಲೆಕೆಳಗಾದ) ಫೋರ್ಕ್, ಡಿಸ್ಕನ್ನು ಹಿಡಿಯುವ ರೇಡಿಯಲ್ ಬ್ರೇಕ್ ಕ್ಯಾಲಿಪರ್, ತಂತಿಯ ಬದಲು ವಿದ್ಯುತ್ ಸಂಕೇತದಿಂದ ನಡೆಯುವ ಥ್ರಾಟಲ್, ಸವಾರಿಯ ಮೋಡ್‌ಗಳು, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್. ಜೊತೆಗೆ ಬೇಕಾದವರಿಗೆ ಕ್ಲಚ್ ಲಿವರೇ ಇಲ್ಲದ ವೈ-ಎಎಂಟಿ ಆವೃತ್ತಿ.

ನಡುವಿನ ಅಂತರ ನಾಲ್ಕು ವರ್ಷ, ಮೂರು, ಎರಡು, ಎರಡು. ಇದನ್ನು ನೋಡಿ 2027ರಲ್ಲಿ ಮತ್ತೊಂದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಸುಲಭ. ಆದರೆ ವರ್ಷಗಳನ್ನು ಎಣಿಸುವುದಕ್ಕಿಂತ ಕಂಪನಿಯ ಕೈಯನ್ನು ಯಾವುದು ಒತ್ತಾಯಿಸುತ್ತದೆ ಎಂದು ನೋಡುವುದು ಮೇಲು.

ಕೈ ಹಿಡಿದು ಎಳೆಯುವ ಶಕ್ತಿಗಳು

ಮಧ್ಯಮ ಗಾತ್ರದ ಬೈಕುಗಳಲ್ಲಿ ದೊಡ್ಡ ಬದಲಾವಣೆಗಳು ಕಂಪನಿಗೆ ಸ್ಫೂರ್ತಿ ಬಂದಾಗ ಆಗುವುದಿಲ್ಲ, ಹೊಗೆಯ ನಿಯಮ ಬದಲಾದಾಗ ಆಗುತ್ತವೆ. ಯುರೋಪಿನಲ್ಲಿ ಯುರೋ 4 ಹೊಸ ಮಾದರಿಗಳಿಗೆ 2016ರಲ್ಲಿ, ಎಲ್ಲ ಬೈಕುಗಳಿಗೆ 2017ರಲ್ಲಿ ಬಂತು. ಯುರೋ 5 ಕ್ರಮವಾಗಿ 2020 ಮತ್ತು 2021ರಲ್ಲಿ. ಯುರೋ 5 ಪ್ಲಸ್ ಹೊಸ ಮಾದರಿಗಳಿಗೆ 2024ರಲ್ಲಿ, ಎಲ್ಲಕ್ಕೂ 2025ರ ಜನವರಿಯಲ್ಲಿ. ಎಂಟಿ-07ರ 2021 ಮತ್ತು 2025ರ ಆವೃತ್ತಿಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಕಾಕತಾಳೀಯ ಎನ್ನಲು ನಾಲಿಗೆ ಏಳುವುದಿಲ್ಲ. ಎಂಜಿನ್ನನ್ನು ಹೇಗಿದ್ದರೂ ಬಿಚ್ಚಬೇಕು, ಮತ್ತೆ ಅನುಮತಿ ಪಡೆಯಬೇಕು. ಅದೇ ಖರ್ಚಿನಲ್ಲಿ ಉಳಿದದ್ದನ್ನೂ ಮಾಡಿ ಮುಗಿಸುತ್ತಾರೆ. ಅಂದರೆ ಈಗಿನ ಬೈಕು ತನ್ನ ದೊಡ್ಡ ಪರೀಕ್ಷೆಯನ್ನು ಆಗಲೇ ಬರೆದು ಪಾಸಾಗಿದೆ. ಸದ್ಯಕ್ಕೆ ಅದನ್ನು ಪೂರ್ತಿ ಬಿಚ್ಚಿ ಕಟ್ಟುವ ತುರ್ತು ಕಂಪನಿಗೆ ಇಲ್ಲ.

ಎರಡನೆಯದು ಲೈಸೆನ್ಸ್. ಯುರೋಪಿನ ಮಧ್ಯಮ ಹಂತದ ಎ2 ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್ ಮೀರಿದ ಬೈಕು ಓಡಿಸುವಂತಿಲ್ಲ. ದೊಡ್ಡ ಬೈಕಿನ ಶಕ್ತಿಯನ್ನು ತಗ್ಗಿಸಿ 35ಕ್ಕೆ ಇಳಿಸಬಹುದು, ಆದರೆ ಅದರ ಮೂಲ ಶಕ್ತಿ 70 ಕಿಲೋವ್ಯಾಟ್, ಅಂದರೆ ಸುಮಾರು 95 ಪಿಎಸ್ (ಅಶ್ವಶಕ್ತಿ), ಮೀರಿರಬಾರದು. ಈ ವರ್ಗದ ಬೈಕುಗಳ ಶಕ್ತಿ 95ರ ಹತ್ತಿರ ಬಂದು ಬೇಲಿ ಕಂಡ ಹಸುವಿನಂತೆ ನಿಲ್ಲುವುದು ಇದಕ್ಕೇ. ಹೋಂಡಾ ಸಿಬಿ650ಆರ್ 95 ಪಿಎಸ್, ಸಿಬಿ750 ಹಾರ್ನೆಟ್ 92. ಎಂಟಿ-07 ಇರುವುದು 73.4ರಲ್ಲಿ. ಬೇಲಿಯವರೆಗೆ ಜಾಗವೇನೋ ಧಾರಾಳವಾಗಿದೆ.

ಹಾಗಾದರೆ ಮುಂದಿನದು 800 ಸಿಸಿ ಆಗುತ್ತದೆಯೇ? ಈ ಗಾಳಿಸುದ್ದಿ ವರ್ಷಕ್ಕೊಮ್ಮೆ ಹಬ್ಬದಂತೆ ಬರುತ್ತದೆ. ನಾನು ನಂಬುವುದಿಲ್ಲ. ಈ ಒಂದು ಎಂಜಿನ್ನಿನ ಮೇಲೆ ಟೆನೆರೆ 700, ಟ್ರೇಸರ್ 7, ಎಕ್ಸ್‌ಎಸ್‌ಆರ್700, ಆರ್7 ಎಲ್ಲವೂ ನಿಂತಿವೆ. ಒಂದರ ಗಾತ್ರ ಬದಲಿಸಿದರೆ ಇಡೀ ಮನೆತನದ ಜಾತಕ ಬದಲಿಸಬೇಕು. ಸುಜುಕಿ 776 ಸಿಸಿಗೆ ಹೋಯಿತು, ಹೋಂಡಾ 755ಕ್ಕೆ ಹೋಯಿತು ನಿಜ. ಆದರೆ ಅವು ಹೊಸದಾಗಿ ಕಟ್ಟಿದ ಎಂಜಿನ್‌ಗಳು. ಯಮಹಾ ತನ್ನ ಎಂಜಿನ್ನನ್ನು ಯುರೋ 5 ಪ್ಲಸ್‌ಗೆ ಹೊಂದಿಸಲು ಈಗಷ್ಟೇ ಖರ್ಚು ಮಾಡಿದೆ. ಆ ಖರ್ಚು ಹಿಂದಿರುಗುವ ಮೊದಲು ಅದನ್ನು ಎಸೆಯುವಷ್ಟು ಉದಾರಿಗಳು ಲೆಕ್ಕಪತ್ರ ವಿಭಾಗದಲ್ಲಿ ಇರುವುದಿಲ್ಲ.

ಮೂರನೆಯ ಶಕ್ತಿಯನ್ನೇ ನಾನು ಹೆಚ್ಚು ನಂಬುವುದು: ಅದೇ ಮನೆಯ ಅಣ್ಣತಮ್ಮಂದಿರು. ಯಾವುದೇ ಕಂಪನಿ ಒಂದು ಭಾಗವನ್ನು ಒಂದು ಬೈಕಿಗೆ ಹೊಂದಿಸಿದ ಮೇಲೆ ಅದೇ ಎಂಜಿನ್ನಿನ ಉಳಿದ ಬೈಕುಗಳಿಗೆ ಹಂಚುವುದು ಅಗ್ಗ. 2026ರ ಆರ್7ಗೆ, ಬೈಕು ಎಷ್ಟು ವಾಲಿದೆ ಎಂದು ಅಳೆಯುವ ಆರು ಅಕ್ಷಗಳ ಚಲನ ಸಂವೇದಕ ಬಂದಿದೆ. ಅದೇ ಎಂಜಿನ್, ಅದೇ ಬಗೆಯ ವಿದ್ಯುತ್ ಥ್ರಾಟಲ್. ಆದರೆ ಎಂಟಿ-07ರಲ್ಲಿ ಆ ಸಂವೇದಕ ಇಲ್ಲ. ಪ್ರತಿಸ್ಪರ್ಧಿಗಳ ಕಡೆ ನೋಡಿದರೆ ಟ್ರಯಂಫ್ ಟ್ರೈಡೆಂಟ್ 660ಗೆ 2025ರಲ್ಲಿ, ಇಂಥ ಸಂವೇದಕದಿಂದಲೇ ವಾಲಿದಾಗಲೂ ಬ್ರೇಕನ್ನು ಹದಗೊಳಿಸುವ ತಿರುವಿನ ಎಬಿಎಸ್ ಬಂದಿದೆ. ಅದಕ್ಕಿಂತ ಚಿಕ್ಕದಾದ ಕೆಟಿಎಂ 390 ಡ್ಯೂಕ್‌ನಲ್ಲೂ ಇದೆ. ನನ್ನ ಪಂದ್ಯ ಇದರ ಮೇಲೆ: ಎಂಟಿ-07ರ ಮುಂದಿನ ಬದಲಾವಣೆ ಹೊರಗಿನ ಕಣ್ಣಿಗೆ ಕಾಣದ್ದು. ಹೊಸ ಬಣ್ಣ, ಹಳೆಯ ರೂಪ, ಸೀಟಿನ ಕೆಳಗೆಲ್ಲೋ ಬೆಂಕಿಪೆಟ್ಟಿಗೆಯಂಥ ಒಂದು ಸಂವೇದಕ. ಕ್ಲಚ್ ಹಿಡಿಯದೆಯೇ ಗೇರ್ ಏರಿಸಲೂ ಇಳಿಸಲೂ ಬಿಡುವ ಕ್ವಿಕ್‌ಶಿಫ್ಟರ್ ಕಾರ್ಖಾನೆಯಿಂದಲೇ ಬಂದರೂ ಆಶ್ಚರ್ಯವಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಹೇಳುವವರಿಗೆ ನಾನು ಕಿವಿ ಕೊಡುತ್ತೇನೆ, ಮುಂಗಡ ಹಣ ಕೊಡುವುದಿಲ್ಲ.

ಗಾಳಿಸುದ್ದಿಯ ತೂಕ

ಎಲ್ಲ ಸುದ್ದಿಗೂ ಒಂದೇ ಬೆಲೆ ಇಲ್ಲ. ಪೇಟೆಂಟ್ ಚಿತ್ರ ಸಿಕ್ಕಿತು ಎಂದು ಕುಣಿಯುವವರು ಮರೆಯುವುದೇನೆಂದರೆ, ಪೇಟೆಂಟ್ ಅರ್ಜಿ ಸಾಮಾನ್ಯವಾಗಿ ಸಲ್ಲಿಸಿದ ಹದಿನೆಂಟು ತಿಂಗಳ ನಂತರ ಪ್ರಕಟವಾಗುತ್ತದೆ. ನಾವು ನೋಡುವುದು ಎಂಜಿನಿಯರ್‌ಗಳು ಒಂದೂವರೆ ವರ್ಷದ ಹಿಂದೆ ಯೋಚಿಸಿದ್ದನ್ನು. ಅವರು ಅದನ್ನು ಕೈಬಿಟ್ಟೂ ಇರಬಹುದು. ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿ ಅದಕ್ಕಿಂತ ಹಗುರ, ಇನ್ನೊಬ್ಬರು ಬಳಸದಿರಲೆಂದೇ ನೋಂದಾಯಿಸುವುದುಂಟು. ಕಪ್ಪು ಬಿಳುಪು ಪಟ್ಟೆಯ ಹೊದಿಕೆ ತೊಟ್ಟು ರಸ್ತೆಯಲ್ಲಿ ಸಿಕ್ಕ ಪರೀಕ್ಷಾ ಬೈಕಿನ ಫೋಟೋಗೆ ಸ್ವಲ್ಪ ತೂಕವಿದೆ, ಅದೂ ಕನ್ನಡಿ, ಸೂಚಕ ದೀಪ, ನಂಬರ್ ಪ್ಲೇಟಿನ ಬ್ರಾಕೆಟ್ ಎಲ್ಲ ಅಂತಿಮ ರೂಪದಲ್ಲಿ ಕಂಡರೆ. ನಾನು ನಿಜಕ್ಕೂ ಬಗ್ಗಿ ಓದುವುದು ಸರ್ಕಾರಿ ಕಾಗದಗಳನ್ನು. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಮಾದರಿ ವರ್ಷದ ಲೆಕ್ಕದಲ್ಲಿ ಕೊಡುವ ಪ್ರಮಾಣಪತ್ರಗಳಲ್ಲಿ ಬೈಕಿನ ಹೆಸರು, ಎಂಜಿನ್ನಿನ ಗಾತ್ರ ಒಣ ಭಾಷೆಯಲ್ಲಿ ಬರೆದಿರುತ್ತದೆ. ಅಲ್ಲಿ ಕನಸು ಕಾಣುವವರಿಲ್ಲ.

ಊಹೆಯ ಅಹಂಕಾರ ಇಳಿಯಬೇಕಾದರೆ ಸುಜುಕಿ ಎಸ್‌ವಿ650ರ ಕತೆ ನೆನೆಯಬೇಕು. 1999ರಿಂದ ಬಂದ ಆ 645 ಸಿಸಿ ವಿ-ಟ್ವಿನ್ ಎಂಜಿನ್ನಿಗೆ ಎಷ್ಟು ಬಾರಿ ತಿಥಿ ಮಾಡಿದ್ದಾರೋ ಲೆಕ್ಕವಿಲ್ಲ. ಸುಜುಕಿಯದೇ 776 ಸಿಸಿಯ ಜಿಎಸ್‌ಎಕ್ಸ್-8ಎಸ್ 2023ರಲ್ಲಿ ಬಂದಾಗ, ಇನ್ನು ವಿ-ಟ್ವಿನ್ ಮುಗಿಯಿತು ಎಂದು ನಾನೂ ತಲೆಯಾಡಿಸಿದ್ದೆ. 2025ರ ಮಿಲಾನ್ ಪ್ರದರ್ಶನದಲ್ಲಿ ಅದೇ ಎಂಜಿನ್ ಎಸ್‌ವಿ-7ಜಿಎಕ್ಸ್ ಎಂಬ ಹೊಸ ಬೈಕಿನಲ್ಲಿ ಕೂತು ನಗುತ್ತಿತ್ತು. ಕೆಟಿಎಂ 790 ಡ್ಯೂಕ್‌ನದೂ ಇಂಥದೇ ಕತೆ: 2018ರಲ್ಲಿ ಬಂತು, 890ಕ್ಕೆ ಜಾಗ ಬಿಟ್ಟು ಮರೆಯಾಯಿತು, ಕೆಲವು ವರ್ಷಗಳಲ್ಲಿ ಮತ್ತೆ ಬಂತು. ಹಾಗಾಗಿ ಮೇಲೆ ನಾನು ಹೇಳಿದ ಊಹೆಯನ್ನೂ ಉಪ್ಪಿನಕಾಯಿಯಷ್ಟೇ ಬಡಿಸಿಕೊಳ್ಳಿ.

2021–24: ತಿದ್ದಿಕೊಳ್ಳಬಹುದಾದ ಬೈಕು

ಹಿಂದಿನ ರೂಪದ ಬೈಕಿನ ಪಕ್ಕದಲ್ಲಿ ನಿಂತು ಒಂದು ಸಣ್ಣ ಪರೀಕ್ಷೆ ಮಾಡಿ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಹ್ಯಾಂಡಲಿನ ಮೇಲೆ ದೇಹದ ಭಾರ ಬಿಡಿ. ಫೋರ್ಕ್ ಬೇಗನೆ ಕೆಳಗಿಳಿಯುತ್ತದೆ; ಕೈ ಎತ್ತಿದಾಗ ಮೇಲೆ ಬಂದು, ಸ್ವಲ್ಪ ಹೆಚ್ಚೇ ಎದ್ದು, ಆಮೇಲೆ ನೆಲೆಗೊಳ್ಳುತ್ತದೆ. ರಸ್ತೆಯಲ್ಲಿ ಇದರ ಅರ್ಥ ಇಷ್ಟು: ತಿರುವಿಗೆ ಮುನ್ನ ಜೋರಾಗಿ ಬ್ರೇಕ್ ಹಾಕಿದರೆ ಬೈಕಿನ ಮೂಗು ಬಾಗುತ್ತದೆ, ಬಿಟ್ಟ ಕ್ಷಣ ಏಳುತ್ತದೆ, ನೀವು ಗೆರೆ ಹಿಡಿಯಬೇಕಾದ ಹೊತ್ತಿಗೆ ಅದು ಇನ್ನೂ ಉಸಿರಾಡುತ್ತಿರುತ್ತದೆ. ನಗರದ ಓಡಾಟಕ್ಕೆ ಇದು ದೋಷವೇ ಅಲ್ಲ, ಗುಂಡಿಗಳ ಮೇಲೆ ಹಿತವಾಗಿಯೇ ಇರುತ್ತದೆ. ಘಟ್ಟದ ದಾರಿಗಳಲ್ಲಿ ಹುರುಪಿನಿಂದ ಓಡಿಸುವವರಿಗೆ ಕಿರಿಕಿರಿ.

ಸಮಾಧಾನದ ಸಂಗತಿಯೆಂದರೆ, ಇದು ತಿದ್ದಬಹುದಾದ ದೋಷ. ಹೊರಗಿನ ತಯಾರಕರ ಸ್ಪ್ರಿಂಗ್, ಫೋರ್ಕಿನೊಳಗೆ ಕೂರುವ ಡ್ಯಾಂಪಿಂಗ್ ಕಾರ್ಟ್ರಿಜ್, ಹಿಂದಿನ ಶಾಕ್ ಅಬ್ಸಾರ್ಬರ್ ಎಲ್ಲವೂ ಸಿಗುತ್ತವೆ. ನಿಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಹಾಕಿಸಿದ ಹಳೆಯ ಫೋರ್ಕ್, ಯಾರೋ ಸರಾಸರಿ ಸವಾರನಿಗೆಂದು ಹೊಂದಿಸಿದ ಹೊಸ ಫೋರ್ಕಿಗಿಂತ ಚೆನ್ನಾಗಿ ಕೆಲಸ ಮಾಡುವುದುಂಟು. ಆದರೆ 2025ರ ಯುಎಸ್‌ಡಿ ಫೋರ್ಕನ್ನೇ ತಂದು ಹಳೆಯದಕ್ಕೆ ಕೂರಿಸುತ್ತೇನೆ ಎಂದು ಹೊರಡಬೇಡಿ. ಹಿಡಿಯುವ ಕ್ಲ್ಯಾಂಪ್, ಅಚ್ಚು, ಚಕ್ರ, ಕ್ಯಾಲಿಪರ್ ಒಂದರ ಹಿಂದೊಂದು ಬದಲಾಗಬೇಕಾಗುತ್ತದೆ, ಮೂಗುತಿಗೆಂದು ಹೋಗಿ ಮೂಗನ್ನೇ ಬದಲಿಸಿದ ಹಾಗೆ.

ತಿದ್ದಲಾಗದ್ದು ಥ್ರಾಟಲ್. ಹಳೆಯದು ತಂತಿಯದು. ಅದರಿಂದಾಗಿಯೇ ಅದರಲ್ಲಿ ಮೋಡ್‌ಗಳಿಲ್ಲ, ಕ್ರೂಸ್ ಕಂಟ್ರೋಲ್ ಇಲ್ಲ, ಹಾಕಿಸಿಕೊಳ್ಳುವ ಸುಲಭ ದಾರಿಯೂ ಇಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋಗುವವರಿಗೆ ಬಲಗೈ ಮಣಿಕಟ್ಟು ಇದನ್ನು ನೆನಪಿಸುತ್ತಲೇ ಇರುತ್ತದೆ. ಉಳಿದವರಿಗೆ ತಂತಿಯೇ ವರ: ಕೈ ತಿರುಗಿಸಿದ್ದಕ್ಕೂ ಎಂಜಿನ್ ಮಿಡಿದದ್ದಕ್ಕೂ ನಡುವೆ ದುಭಾಷಿ ಇಲ್ಲ, ಕೆಟ್ಟರೆ ಯಾವ ಮೆಕ್ಯಾನಿಕ್ಕಾದರೂ ಅರ್ಥಮಾಡಿಕೊಳ್ಳುತ್ತಾನೆ.

ಈಗಿನದು: ಕ್ಲಚ್ ಬೇಕೋ ಬೇಡವೋ

2025ರ ಬೈಕಿನಲ್ಲಿ ಶಕ್ತಿ ಹೆಚ್ಚಿಲ್ಲ, ತೂಕ 183 ಕಿಲೋ. ಅಂಕಿಗಳನ್ನು ಮಾತ್ರ ಓದುವವರಿಗೆ ಇದು ಹಳೆಯದೇ ಎನಿಸುತ್ತದೆ. ಮೊದಲ ಜೋರು ಬ್ರೇಕಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಮುಂಭಾಗ ಇಳಿಯುವುದು ನಿಧಾನ, ಇಳಿದದ್ದು ಅಲ್ಲೇ ನಿಲ್ಲುತ್ತದೆ, ಒಂದೇ ಬೆರಳಿಗೆ ಬ್ರೇಕ್ ಸ್ಪಂದಿಸುತ್ತದೆ. ಟ್ಯಾಂಕಿನ ಮೇಲೆ ಗಾಳಿ ಎಳೆಯುವ ಸದ್ದನ್ನು ಸವಾರನ ಕಿವಿಗೆ ತಲುಪಿಸುವ ಜಾಲರಿಗಳನ್ನು ಕೊಟ್ಟಿದ್ದಾರೆ. ಇದು ಗಿಮಿಕ್ ಎಂದು ನಗಬಹುದು. ನಾನು ನಕ್ಕೆ, ಆಮೇಲೆ ಬೇಕೆಂದೇ ಎರಡು ಸಲ ಗೇರ್ ಇಳಿಸಿ ಕೇಳಿದೆ.

ವೈ-ಎಎಂಟಿಯ ವಿಷಯದಲ್ಲಿ ಅವಸರ ಬೇಡ. ಎಡಗೈಯಲ್ಲಿ ಕ್ಲಚ್ ಇಲ್ಲ, ಎಡಗಾಲಿನ ಕೆಳಗೆ ಪೆಡಲ್ ಇಲ್ಲ. ಗೇರನ್ನು ತೋರುಬೆರಳು, ಹೆಬ್ಬೆರಳಿನಿಂದ ಬದಲಿಸಬಹುದು, ಅಥವಾ ಬೈಕಿಗೇ ಬಿಡಬಹುದು. ಇದರಿಂದ ಹೆಚ್ಚುವ ತೂಕ 2.8 ಕಿಲೋ ಮಾತ್ರ. ವಾಹನ ದಟ್ಟಣೆಯಲ್ಲಿ ಇದೊಂದು ವರ. ಆದರೆ ವರ್ಷಗಟ್ಟಲೆ ಗೇರ್ ಹಾಕಿದ ಕಾಲು ಮೊದಲ ದಿನ ಇಲ್ಲದ ಪೆಡಲನ್ನು ಹುಡುಕುತ್ತಲೇ ಇರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಬೈಕನ್ನು ಪೂರ್ತಿ ತಿರುಗಿಸುವಾಗ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ತೂಗಿಸುವ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ, ಹಿಂದಿನ ಬ್ರೇಕಿನಿಂದಲೇ ವೇಗವನ್ನು ಹದಮಾಡಬೇಕು. ಪರೀಕ್ಷಾ ಸವಾರಿಯಲ್ಲಿ ನೇರ ರಸ್ತೆಗಿಂತ ಈ ತಿರುಗುವಿಕೆಯನ್ನೇ ಮೂರು ನಾಲ್ಕು ಸಲ ಮಾಡಿ ನೋಡಿ. ಹೋಂಡಾದ ಇ-ಕ್ಲಚ್ ಇಲ್ಲಿ ಬೇರೆ ದಾರಿ ಹಿಡಿದಿದೆ: ಲಿವರ್ ಉಳಿದಿದೆ, ಪೆಡಲ್ ಉಳಿದಿದೆ, ಬೇಕೆನಿಸಿದಾಗ ಕೈ ಹಾಕಬಹುದು. ನನಗೆ ಅದೇ ಹೆಚ್ಚು ಸಭ್ಯ ಎನಿಸುತ್ತದೆ. ಆದರೆ ಅದು ಮೊದಲು ಬಂದದ್ದು ಸಿಬಿ650ಆರ್‌ನಂಥ ಬೈಕಿನಲ್ಲಿ. ಅದರ ನಾಲ್ಕು ಸಿಲಿಂಡರಿನ ಎಂಜಿನ್ ಮೇಲಿನ ವೇಗದಲ್ಲಿ ಹಾಡುತ್ತದೆ, ಕೆಳಗೆ ಎಂಟಿ-07ರಂತೆ ಎಳೆಯುವುದಿಲ್ಲ.

ಕಾಯುವುದು ಯಾರಿಗೆ

ಕಾಯಲು ಒಂದೇ ಒಂದು ಗಟ್ಟಿ ಕಾರಣ ನನಗೆ ಕಾಣುತ್ತದೆ, ತಿರುವಿನ ಎಬಿಎಸ್. ಸಾಮಾನ್ಯ ಎಬಿಎಸ್ ಚಕ್ರಗಳ ವೇಗವನ್ನು ಮಾತ್ರ ನೋಡುತ್ತದೆ. ಬೈಕು ನೆಟ್ಟಗಿದೆಯೋ ಮೂವತ್ತು ಡಿಗ್ರಿ ವಾಲಿದೆಯೋ ಅದಕ್ಕೆ ತಿಳಿಯದು. ವಾಲಿದ ಟೈರಿನ ಹಿಡಿತದ ಒಂದು ಪಾಲು ಬೈಕನ್ನು ಗೆರೆಯ ಮೇಲೆ ಇಡಲು ಖರ್ಚಾಗಿರುತ್ತದೆ. ಬ್ರೇಕಿಗೆ ಉಳಿಯುವುದು ಕಡಿಮೆ. ಸಂವೇದಕವಿದ್ದರೆ ಆ ಲೆಕ್ಕ ಹಾಕಿ ಒತ್ತಡವನ್ನು ಹದಗೊಳಿಸುತ್ತದೆ. ಸಂವೇದಕ, ಎಬಿಎಸ್ ಪಂಪ್, ಎಂಜಿನ್ ಕಂಪ್ಯೂಟರ್ ಒಂದೇ ಭಾಷೆಯಲ್ಲಿ ಮಾತಾಡಬೇಕಾದ ಈ ಏರ್ಪಾಡನ್ನು ಕಾರ್ಖಾನೆಯ ಹೊರಗೆ ಜೋಡಿಸುವುದು ಕನಸಿನ ಮಾತು. ಮಳೆಯಲ್ಲೂ ಕತ್ತಲಲ್ಲೂ ಗೊತ್ತಿಲ್ಲದ ತಿರುವುಗಳಲ್ಲಿ ಓಡಿಸುವವರು ನೀವಾದರೆ, ಅದಿಲ್ಲದ ಬೈಕು ಬೇಡ ಎಂದರೆ ನಾನು ವಾದಿಸುವುದಿಲ್ಲ.

ಹಾಗಿದ್ದರೂ ಕಾಯಲೇಬೇಕೆಂದಿಲ್ಲ. ಟ್ರೈಡೆಂಟ್ 660 ಇಂದೇ ಅದನ್ನು ಕೊಡುತ್ತದೆ, ಮೂರು ಸಿಲಿಂಡರಿನ ನಯವಾದ ಎಂಜಿನ್ನಿನೊಂದಿಗೆ. ಬಗ್ಗಿ ಕೂರಲು ಸೊಂಟ ಒಪ್ಪಿದರೆ ಆರ್7 ಇದೆ. ಕಾಯುವ ಮನಸ್ಸಿರುವವರು ಕೈಯಲ್ಲಿ ಓಡುವ ಬೈಕು ಇಟ್ಟುಕೊಂಡು ಕಾಯಲಿ, ಖಾಲಿ ಗ್ಯಾರೇಜಿನಲ್ಲಿ ಬೇಡ. ಅದಕ್ಕೂ ಒಂದು ಗಡುವು ಇರಲಿ. ಐಕ್ಮಾ ನಡೆಯುವುದು ನವೆಂಬರಿನಲ್ಲಿ. ಹೆಚ್ಚಿನ ಕಂಪನಿಗಳು ಮುಂದಿನ ವರ್ಷದ ಬೈಕುಗಳನ್ನು ಅಲ್ಲಿ ಅಥವಾ ಅದಕ್ಕೆ ಕೆಲವೇ ವಾರ ಮೊದಲು ತೋರಿಸಿಬಿಡುತ್ತವೆ. ಆ ತಿಂಗಳು ಬರಿಗೈಯಲ್ಲಿ ದಾಟಿದರೆ ಇನ್ನೊಂದು ವರ್ಷ ಕೂರುವ ಬದಲು ಹೋಗಿ ಕೊಂಡುಬಿಡಿ. ಮೊದಲ ವರ್ಷದ ಬೈಕಿನಲ್ಲಿ ಸಣ್ಣಪುಟ್ಟ ಹುಳುಕು ಬರುವುದು ಸಹಜ, ಎರಡನೆಯ ವರ್ಷದ ಬೈಕಿನಲ್ಲಿ ಅವು ಸದ್ದಿಲ್ಲದೆ ಸರಿಯಾಗಿರುತ್ತವೆ ಎಂಬುದೂ ನೆನಪಿರಲಿ.

ನಾನಾದರೆ? ಹೆದ್ದಾರಿ ಹೆಚ್ಚಿದ್ದರೆ ಈಗಿನದನ್ನು, ಕ್ಲಚ್ ಇರುವುದನ್ನು. ಊರೊಳಗಿನ ಓಡಾಟ, ವಾರಾಂತ್ಯಕ್ಕೆ ಒಂದು ಸುತ್ತು ಎನ್ನುವುದಾದರೆ 2021ರ ನಂತರದ ಹಳೆಯದನ್ನು, ಉಳಿಸಿದ ಹಣದಲ್ಲಿ ಸಸ್ಪೆನ್ಷನ್ ಮಾಡಿಸಿಕೊಂಡು.

ಹಳೆಯ ದಾಸ್ತಾನಿನ 'ಹೊಸ' ಬೈಕು ಸಿಕ್ಕಿದರೆ ಹೊಳಪು ನೋಡಿ ಸಹಿ ಹಾಕುವ ಮುಂಚೆ ಮೊಣಕಾಲೂರಿ ಕೂತು ಟೈರಿನ ಪಕ್ಕವನ್ನು ಓದಿ. ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 3522 ಎಂದಿದ್ದರೆ 2022ರ 35ನೇ ವಾರದಲ್ಲಿ ತಯಾರಾದ ರಬ್ಬರು. ಆಮೇಲೆ ಬ್ಯಾಟರಿ ಯಾವಾಗಿನದು, ನಡುವೆ ಚಾರ್ಜ್ ಮಾಡಿದ್ದಾರೆಯೇ, ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮರೆತಿದ್ದಾರೆಯೇ ಎಂದು ಕೇಳಿ. ಮಾರುವವನು ಈ ಪ್ರಶ್ನೆಗಳಿಗೆ ತಡವರಿಸಿದರೆ ಹೊಸ ಬ್ಯಾಟರಿ, ಹೊಸ ಟೈರು ಎರಡನ್ನೂ ಚೌಕಾಸಿಯಲ್ಲಿ ಸೇರಿಸಿಕೊಳ್ಳಿ.